ಅನಿಸಿಕೆ ಬರೆದುಕೊಡುವವಳ ಅನಿಸಿಕೆ

ಬೇರೆಯವರಿಗೆ ಏನನಿಸಬೇಕು ಎಂಬುದನ್ನು ಅವರಿಗಿಂತ ಮೊದಲೇ ಬರೆದಿಡುವ ಉದ್ಯೋಗವೊಂದು ಈ ಲೋಕದಲ್ಲಿದೆ. ಅದಕ್ಕೆ ಪಗಾರ ಇಲ್ಲ, ಬಡ್ತಿ ಇಲ್ಲ, ಆದರೆ ಒಂದಿಷ್ಟು ಮರ್ಯಾದೆ ಇದೆ. ಹದಿನಾರು ವರ್ಷಗಳಿಂದ ನಾನು ಅದನ್ನು ಮಾಡಿಕೊಂಡು ಬಂದವಳು. ಈ ವರ್ಷದ ಮಾರ್ಚಿನವರೆಗೆ ಅದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಗೆ ಹೊಂದಿಕೊಂಡ ಒಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕಿ. ಪರೀಕ್ಷೆಗೆ ಎರಡು ಮೂರು ವಾರ ಇರುವಾಗ ನಮ್ಮಲ್ಲಿ ಹತ್ತನೆಯ ತರಗತಿಯವರಿಗೆ ಬೀಳ್ಕೊಡುಗೆ ಸಮಾರಂಭ ನಡೆಯುತ್ತದೆ. ಹಾರ, ಶಾಲು, ಭಾಷಣ, ಕೊನೆಗೆ ಸಿರಾ ಮತ್ತು ಮಿರ್ಚಿ ಭಜಿ. ಇವುಗಳ ನಡುವೆ ನಾಲ್ಕು ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು, ಪ್ರೌಢಶಾಲೆಯಲ್ಲಿ ಕಳೆದ ಮೂರು ವರ್ಷಗಳ ಬಗ್ಗೆ ತಮ್ಮ ಅನಿಸಿಕೆ ಹೇಳುತ್ತಾರೆ. ಆ ಅನಿಸಿಕೆಗಳನ್ನು ಬರೆದುಕೊಡುವವಳು ನಾನು.

ನನ್ನ ಬಳಿ ನಾಲ್ಕು ಅನಿಸಿಕೆಗಳಿವೆ, ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ. ಒಂದು ಕೃತಜ್ಞತೆಯದು, ಒಂದು ನಗಿಸುವುದು, ಒಂದು ಜೀವನದಲ್ಲಿ ಗುರಿ ಇರಬೇಕು ಎನ್ನುವುದು, ಇನ್ನೊಂದು ಅಳು ತರಿಸುವುದು. ಅಳು ತರಿಸುವುದೇ ನನ್ನ ಹೆಮ್ಮೆಯ ಕೃತಿ. "ಈ ಗೂಡಿನಿಂದ ಇಂದು ಹಾರಿ ಹೋಗುತ್ತಿರುವ ಹಕ್ಕಿಗಳು ನಾವು" ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನ ತಾಯಂದಿರು ಸೆರಗು ಹುಡುಕತೊಡಗುತ್ತಾರೆ. ಒಂದು ವರ್ಷ ನಮ್ಮ ಹೆಡ್ ಮಾಸ್ತರರೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಿಗೆ ಧೂಳಾದರೆ ಕಣ್ಣಲ್ಲಿ ನೀರು ಬರುತ್ತದೆಂದು ಆಮೇಲೆ ಗೊತ್ತಾಯಿತು, ಆದರೂ ಆ ಕಣ್ಣೀರನ್ನು ನಾನು ಬಿಟ್ಟುಕೊಡಲಿಲ್ಲ. ಮೂರು ವರ್ಷ "ಟೀಚರ್, ನೀರ್ ಕುಡದು ಬರ್ತೀನ್ರಿ" ಎಂಬ ಮಾತು ಬಿಟ್ಟು ಬೇರೊಂದನ್ನು ಆಡದ ಹುಡುಗ ಮೈಕು ಹಿಡಿದೊಡನೆ "ಮರೆಯಲಾಗದ ಆ ಮಧುರ ಕ್ಷಣಗಳು" ಎನ್ನುತ್ತಾನೆ. ನಾನು ವೇದಿಕೆಯ ಪಕ್ಕದಲ್ಲಿ ನಿಂತು, ಮದುವೆ ಮನೆಯ ಅಡಿಗೆಯವರು ಪಂಕ್ತಿಯ ಕಡೆ ನೋಡುವ ಹಾಗೆ ಜನರ ಮುಖ ನೋಡುತ್ತಿರುತ್ತೇನೆ.

ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಆ ಅನಿಸಿಕೆಗಳಲ್ಲಿ ಬರುವ ಶಾಲೆ ನಮ್ಮದಲ್ಲ. "ಮಾವಿನ ತೋಪಿನ ತಂಪಿನಲ್ಲಿ, ಕೋಗಿಲೆಯ ದನಿಯ ಇಂಪಿನಲ್ಲಿ ನಾವು ಕಲಿತೆವು" ಎಂದು ಮಕ್ಕಳು ಹೇಳುತ್ತಾರೆ. ನಮ್ಮ ಅಂಗಳದಲ್ಲಿರುವುದು ಎರಡು ಬೇವಿನ ಮರ, ಒಂದು ಜಾಲಿ ಗಿಡ. ಹಕ್ಕಿಗಳೆಂದರೆ ಬಿಸಿಯೂಟದ ಹೊತ್ತಿಗೆ ಗಡಿಯಾರ ನೋಡಿಕೊಂಡು ಬರುವ ಕಾಗೆಗಳು. ಫೆಬ್ರವರಿ ದಾಟಿದರೆ ತಂಪು ಎಂಬುದು ಹೆಡ್ ಮಾಸ್ತರರ ಕೋಣೆಯ ಮಣ್ಣಿನ ಕೊಡದಲ್ಲಿ ಮಾತ್ರ ಸಿಗುತ್ತದೆ. ಆ ಮಾವಿನ ತೋಪನ್ನು ನಾನು ಬಿ.ಇಡಿ. ಓದುವಾಗ ಎಲ್ಲಿಂದಲೋ ಬರೆದುಕೊಂಡಿದ್ದೆ, ಕಡಿದು ಹಾಕಲು ಮನಸ್ಸಾಗದೆ ವರ್ಷ ವರ್ಷವೂ ನೀರು ಹಾಕುತ್ತ ಬಂದೆ. ಒಮ್ಮೆ ಯಾದಗಿರಿಯಿಂದ ಬಂದಿದ್ದ ಅತಿಥಿಯೊಬ್ಬರು ಸಮಾರಂಭ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ, "ನಡೀರಿ, ಆ ಮಾವಿನ ತೋಪಿನ್ಯಾಗ ಒಂದೀಟು ಕೂಡೋಣು. ಎಲ್ಲದ ಅದು?" ಎಂದರು. ಹೆಡ್ ಮಾಸ್ತರರು ನನ್ನ ಮುಖ ನೋಡಿದರು. ನಾನು, "ಈಗ ಕಾಯಿ ಬಿಡೋ ಟೈಮ್ ಅಲ್ರಿ ಸರ್" ಎಂದುಬಿಟ್ಟೆ. ಅವರು ಅದನ್ನು ಹೇಗೆ ಅರ್ಥ ಮಾಡಿಕೊಂಡರೋ ಏನೋ, ಚಹಾ ಕುಡಿದು ಸುಮ್ಮನೆ ಹೋದರು.

ಈ ವರ್ಷ ಅಳು ತರಿಸುವ ಅನಿಸಿಕೆಗೆ ನಾನು ಆರಿಸಿದ್ದು ದೇವಮ್ಮ ಎಂಬ ಹುಡುಗಿಯನ್ನು. ಗಂಟಲು ಗಟ್ಟಿ, ನೆನಪು ಚೊಕ್ಕ. ಮೇಲಾಗಿ ನಾಲ್ಕು ವರ್ಷದ ಹಿಂದೆ ಅವಳ ಅಕ್ಕ ಮಹಾದೇವಿ ಇದೇ ಅನಿಸಿಕೆ ಹೇಳಿ ಇಡೀ ಪೆಂಡಾಲಿಗೆ ಕಣ್ಣೀರು ತರಿಸಿದ್ದಳು. ಮನೆತನದಲ್ಲೇ ಕಲೆ ಇದೆ ಎಂದುಕೊಂಡಿದ್ದೆ. ಹಾಳೆ ಕೊಟ್ಟ ಮೂರನೆಯ ದಿನ ದೇವಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟಳು.

"ಇದು ನಾ ಹೇಳಂಗಿಲ್ರಿ ಟೀಚರ್."

"ಯಾಕವ್ವ?"

"ನಮ್ಮವ್ವಗ ಬಾಯಿಪಾಠ ಅದರಿ."

ನಡೆದದ್ದು ಇಷ್ಟು. ಅಂದು ಮಹಾದೇವಿ ತಾಯಿಯ ಜೊತೆ ಹತ್ತಿ ಬಿಡಿಸುತ್ತ ಅನಿಸಿಕೆಯನ್ನು ಬಾಯಿಪಾಠ ಮಾಡಿದ್ದಳು. ಅವಳು ಮದುವೆಯಾಗಿ ಹುಣಸಗಿಗೆ ಹೋದಳು, ಅನಿಸಿಕೆ ತಾಯಿಯ ಬಳಿ ಉಳಿಯಿತು. ಈಗಲೂ ಆಕೆ ಕಳೆ ತೆಗೆಯುವಾಗ ಅದನ್ನು ಹೇಳಿಕೊಳ್ಳುತ್ತಾರಂತೆ. ದೇವಮ್ಮ ಮನೆಯಲ್ಲಿ ಅಭ್ಯಾಸ ಶುರು ಮಾಡಿದ ದಿನ ತಾಯಿ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, "ಕೋಗಿಲಿ ಬಿಟ್ಟಿ ನೋಡು. ತೋಪು ಆದ ಮ್ಯಾಲ ಕೋಗಿಲಿ ಬರ್ತದ" ಎಂದು ತಿದ್ದಿದರಂತೆ. ಇದನ್ನು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಬರೆದದ್ದನ್ನು ಒಬ್ಬರು ಬಾಯಿಪಾಠ ಮಾಡಿದ್ದಾರೆ, ಅದೂ ಪರೀಕ್ಷೆಯ ಭಯವಿಲ್ಲದೆ. ಆದರೆ ದೇವಮ್ಮನ ಮುಖದಲ್ಲಿ ಖುಷಿ ಇರಲಿಲ್ಲ.

"ಮುಂದ ಏನ್ ಬರ್ತದಂತ ಗೊತ್ತಿದ್ರ ಯಾರ್ ಕೇಳ್ತಾರ್ರಿ? ಈ ಸಲ ನಾ ಹೇಳೋದು ನಮ್ಮವ್ವ ಕೇಳಬೇಕ್ರಿ ಟೀಚರ್" ಎಂದಳು.

ಅವಳ ತಾಯಿ ಬಸಲಿಂಗಮ್ಮ ನಮ್ಮ ಶಾಲಾ ಸಮಿತಿಯ ಸದಸ್ಯೆ. ಕಾಲುವೆ ನೀರಿನ ಹೊಲ, ಎರಡು ಎಮ್ಮೆ, ಒಬ್ಬ ಗಂಡ, ಇಷ್ಟನ್ನೂ ಒಂದೇ ದನಿಯಲ್ಲಿ ನಡೆಸುವ ಹೆಂಗಸು. ಗಂಡನನ್ನು ಏನೇ ಕೇಳಿದರೂ "ಆಕಿನ್ನ ಕೇಳ್ರಿ" ಎನ್ನುತ್ತಾನೆ, ಸಹಿ ಮಾಡಿ ಎಂದು ಪೆನ್ನು ಕೊಟ್ಟರೂ ಅದೇ ಮಾತು. ದೇವಮ್ಮನಿಗೆ ಶಹಾಪುರದ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ವಿಜ್ಞಾನ ಓದುವ ಆಸೆ. ತಾಯಿ ಬೇಡವೆಂದಿದ್ದರು. ಮಗಳನ್ನು ಓದಿಸಲು ಮನಸ್ಸಿಲ್ಲವೆಂದಲ್ಲ. "ವರ್ಷ ಆತು ಸಾಲ್ಯಾಗ ಗಣಿತದ ಮಾಸ್ತರ ಇಲ್ಲ. ಮಾಸ್ತರ ಇಲ್ಲದ ಸಾಲ್ಯಾಗ ನೀ ಏನ್ ಕಲ್ತಿದ್ದಿ, ಅಲ್ಲಿ ಹೋಗಿ ಏನ್ ತಿಳ್ಕೋತಿ? ಸೈನ್ಸ್ ತಗೊಂಡು ಫೇಲಾಗಿ ಮನ್ಯಾಗ ಕೂಡೋಕಿಂತ ಇಲ್ಲೇ ಸಮೀಪ ಆರ್ಟ್ಸ್ ಮಾಡು" ಎಂಬುದು ಅವರ ವಾದ. ಇದಕ್ಕೆ ಎದುರು ಹೇಳುವವರು ಯಾರು? ಗಣಿತಕ್ಕೆ ಶಿಕ್ಷಕರು ಬೇಕೆಂದು ಸಮಿತಿಯ ಸಭೆಯಲ್ಲಿ ಮೇಜು ಗುದ್ದಿ ಕೇಳಿದವರು ಅವರೇ. ಮಗಳು "ನನಗ ಗಣಿತ ಬರ್ತದ" ಎಂದರೆ, "ಯಾರ್ ಕಲಿಸ್ಯಾರ?" ಎಂದು ಕೇಳುತ್ತಿದ್ದರು. ತಾವೇ ಕಲಿತೆವೆಂದರೆ ನಂಬುತ್ತಿರಲಿಲ್ಲ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಇಲ್ಲಿಗೆ ನನ್ನ ಎರಡನೆಯ ತಪ್ಪೊಪ್ಪಿಗೆ ಬರುತ್ತದೆ, ಮಾವಿನ ತೋಪಿಗಿಂತ ಇದು ಭಾರ. ನಮ್ಮ ಗಣಿತದ ಶಿಕ್ಷಕರು ವರ್ಗವಾಗಿ ಸೈದಾಪುರದ ಕಡೆ ಹೋದರು. ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕರು ಬೇರೆ ನೌಕರಿ ಸಿಕ್ಕಿತೆಂದು ಎರಡೇ ತಿಂಗಳಲ್ಲಿ ಹೋದರು. ಹೆಡ್ ಮಾಸ್ತರರು ನನ್ನನ್ನು ಕರೆದು, "ಗಣಿತದ ಪಿರಿಯಡ್ಡಿಗೆ ನೀವು ಹೋಗ್ರಿ ಮೇಡಂ. ಕಲಿಸೋದೇನ್ ಬ್ಯಾಡ, ಗದ್ದಲ ಆಗಲಾರದಂಗ ಕುಂತ್ರ ಸಾಕು" ಎಂದರು. ಕಲಿಸುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರಲ್ಲಿ ನನ್ನ ಬಗ್ಗೆ ಅವರಿಗಿದ್ದ ತಿಳಿವಳಿಕೆ ಕಾಣುತ್ತದೆ. ನಾನು ಸುರಪುರದಲ್ಲಿ ಓದಿದವಳು. ಹತ್ತನೆಯ ತರಗತಿಯಲ್ಲಿ ಗಣಿತವನ್ನು ಎರಡನೆಯ ಸಲಕ್ಕೆ ಪಾಸು ಮಾಡಿದೆ, ಅದೂ ಬೇಕಾದಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ಲೆಕ್ಕ ಬಿಡಿಸಲು ಬಾರದಿದ್ದಾಗ ನಾನು ಅದನ್ನು ವಿವರಿಸಿ ಬರೆಯುತ್ತಿದ್ದೆ. "ಈ ತ್ರಿಭುಜವು ನೋಡಲು ಸಮವಾಗಿ ಕಾಣುತ್ತದಾದರೂ ಅದರ ಒಂದು ಬಾಹು ಕೊಂಚ ಉದ್ದವಿರುವ ಸಂಭವವಿದೆ" ಎಂದು ಬರೆದದ್ದು ನನಗೆ ಈಗಲೂ ನೆನಪಿದೆ. ನಮ್ಮ ಮಾಸ್ತರರು ಅಪ್ಪನನ್ನು ಕರೆಸಿ, "ನಿಮ್ಮ ಹುಡುಗಿ ಕನ್ನಡ ಭಾಳ ಚಲೋ ಬರೀತಾಳ. ಗಣಿತದ ಪೇಪರಿನ್ಯಾಗೂ ಅದನ್ನ ಬರೀತಾಳ" ಎಂದಿದ್ದರು. ಅಪ್ಪ ಅದನ್ನು ಹೊಗಳಿಕೆಯೆಂದು ತಿಳಿದು ಅವರಿಗೆ ಚಹಾ ಕುಡಿಸಿ ಬಂದರು.

ಹೀಗಿದ್ದ ನಾನು ಗಣಿತದ ಪಿರಿಯಡ್ಡಿಗೆ ಹೋಗಿ ಕುರ್ಚಿಯ ಮೇಲೆ ಕೂತೆ. ಮೊದಲ ವಾರ ಷಟ್ಪದಿ ಹೇಳಿ ಕಾಲ ಕಳೆದೆ. ಎರಡನೆಯ ವಾರ ದೇವಮ್ಮ ಎದ್ದು, "ಟೀಚರ್, ಒಂದು ಲೆಕ್ಕ ಬೋರ್ಡಿನ ಮ್ಯಾಲ ಮಾಡ್ಲೇನ್ರಿ?" ಎಂದಳು. ಮಾಡು ಎಂದೆ. ಅಂದು ಒಂದು, ಮರುದಿನ ಎರಡು, ಆಮೇಲೆ ಅವಳು ಬೋರ್ಡು ಬಿಡಲೇ ಇಲ್ಲ. ಬೆಳಿಗ್ಗೆ ಎಮ್ಮೆಗೆ ಮೇವು ಹಾಕಿ, ಪುಸ್ತಕದಲ್ಲಿ ಬಿಡಿಸಿ ಕೊಟ್ಟ ಉದಾಹರಣೆಗಳನ್ನು ನೋಡಿ, ತಿಳಿಯದಿದ್ದಲ್ಲಿ ಅಪ್ಪನ ಫೋನಿನಲ್ಲಿ ಪಾಠ ಹುಡುಕಿ, ಮೂರನೆಯ ಪಿರಿಯಡ್ಡಿಗೆ ತಯಾರಾಗಿ ಬರುತ್ತಿದ್ದಳು. ಸಮಾಂತರ ಶ್ರೇಢಿಯನ್ನು ಮೆಣಸಿನ ಸಸಿ ಹಚ್ಚುವ ಸಾಲುಗಳಿಂದ ಹೇಳಿಕೊಟ್ಟಳು. ಸಮರೂಪ ತ್ರಿಭುಜ ಬಂದಾಗ ಇಡೀ ತರಗತಿಯನ್ನು ಬಿಸಿಲಿಗೆ ಕರೆದುಕೊಂಡು ಹೋಗಿ, ಒಂದು ಕೋಲಿನ ನೆರಳು ಅಳೆದು ಬೇವಿನ ಮರದ ಎತ್ತರ ಕಂಡುಹಿಡಿಸಿದಳು. ಹದಿನಾರು ವರ್ಷ ಆ ಮರದ ಕೆಳಗೆ ಡಬ್ಬಿ ಬಿಚ್ಚಿ ಉಂಡ ನನಗೆ ಅದಕ್ಕೊಂದು ಎತ್ತರ ಇದೆ ಎಂದು ಗೊತ್ತಾದದ್ದು ಅಂದು. ಕುರ್ಚಿಯಿಂದ ಬೋರ್ಡು ಸರಿಯಾಗಿ ಕಾಣುವುದಿಲ್ಲವೆಂದು ನಾನು ಹಿಂದಿನ ಬೆಂಚಿಗೆ ಹೋದೆ. ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಹೋದೆ. ಅದಾದ ಮೇಲೆ ಹೋಂವರ್ಕ್ ಕೂಡ ಮಾಡತೊಡಗಿದೆ. ಈ ಸಂಗತಿ ಆ ತರಗತಿಯ ನಾಲ್ಕು ಗೋಡೆಗಳ ಒಳಗೇ ಇತ್ತು, ಅಲ್ಲೇ ಇರುತ್ತದೆಂದು ನಾನು ನಂಬಿದ್ದೆ.

"ನಾವು ಗಣಿತ ಹ್ಯಾಂಗ್ ಕಲ್ತೀವಿ, ಅದನ್ನ ಹೇಳತೀನ್ರಿ ನಾ" ಎಂದಳು ದೇವಮ್ಮ. "ನಿಮ್ಮ ಹೆಸರು ಹೇಳಬೇಕಾಗ್ತದ. ಹೇಳ್ಲೇನ್ರಿ?"

ಹದಿನಾರು ವರ್ಷ ಕಷ್ಟಪಟ್ಟು ಗಳಿಸಿದ ಮರ್ಯಾದೆ, ಅತಿಥಿಗಳು, ಪಾಲಕರು, ಮೈಕು. ಒಮ್ಮೆ ಮೈಕಿನಲ್ಲಿ ಬಂದ ಮಾತು ನಮ್ಮ ಊರಿನಲ್ಲಿ ಕಾಲುವೆಯ ಆಚೆ ದಂಡೆಗೂ ಕೇಳುತ್ತದೆ. ನಾನು ಜಾಣತನ ಮಾಡಿದೆ. "ನಾನೇ ಚಂದಾಗಿ ಬರೆದುಕೊಡ್ತೀನಿ" ಎಂದು ಅಂದೇ ಒಂದು ಹೊಸ ಅನಿಸಿಕೆ ಬರೆದೆ. "ಗಣಿತ ವಿಷಯದಲ್ಲಿ ವಿದ್ಯಾರ್ಥಿಗಳ ಸ್ವಪ್ರಯತ್ನಕ್ಕೆ ಕನ್ನಡ ಶಿಕ್ಷಕಿಯವರು ನೀಡಿದ ಪ್ರೋತ್ಸಾಹವು ಸದಾ ಸ್ಮರಣೀಯವಾಗಿದೆ." ಓದಿ ನನಗೇ ಸಮಾಧಾನವಾಯಿತು, ಎಷ್ಟು ಗಂಭೀರವಾಗಿತ್ತು ಆ ವಾಕ್ಯ. ದೇವಮ್ಮ ಅದನ್ನು ಎರಡು ಸಲ ಓದಿ, ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿ, "ಇದರಾಗ ನೀವು ಎಲ್ಲಿದ್ದೀರಿ ಟೀಚರ್?" ಎಂದಳು. ಅವಳು ವ್ಯಂಗ್ಯವಾಡಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದಳು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ಮುಖ ಎತ್ತದೆ, "ನಿನಗ ಗಣಿತ ಬರಂಗಿಲ್ಲಂತ ಇಷ್ಟು ದಿನ ನನಗೊಬ್ಬವಗ ಗೊತ್ತಿತ್ತು. ಇನ್ನ ತಾಲ್ಲೂಕಿಗಿ ಗೊತ್ತಾಗ್ತದ, ಅಷ್ಟ" ಎಂದರು. ಸಂಸಾರದಲ್ಲಿ ಧೈರ್ಯ ಹೇಳುವವರು ಹೀಗೂ ಇರುತ್ತಾರೆ. ಮರುದಿನ ಬಸ್ಸಿನಲ್ಲಿ ಕೂತು ಕಿಟಕಿಯ ಆಚೆ ಗುಡ್ಡ ನೋಡುತ್ತ ಬಹಳ ಯೋಚಿಸಿದೆ. ಹುಡುಗಿಗೆ ಬೇಕಾದದ್ದು ಒಬ್ಬ ಸಾಕ್ಷಿ. ಆ ಸಾಕ್ಷಿ ನಾನು. ಸಾಕ್ಷಿಯೇ ತಲೆ ತಪ್ಪಿಸಿಕೊಂಡರೆ ಅವಳು ತಾಯಿಗೆ ಏನು ತೋರಿಸಬೇಕು? ಶಾಲೆಗೆ ಹೋದವಳೇ ದೇವಮ್ಮನನ್ನು ಕರೆದು, "ನಿನಗ ಹ್ಯಾಂಗ್ ಬೇಕೋ ಹಾಂಗ್ ಹೇಳವ್ವ" ಎಂದೆ. ಹೇಳಿದ ಮೇಲೆ "ಒಂದೀಟು ಮರ್ಯಾದಿಲೆ ಹೇಳು" ಎಂದು ಸೇರಿಸಿದ್ದೂ ನಿಜ.

ಸಮಾರಂಭದ ದಿನ ಬಸಲಿಂಗಮ್ಮ ಮುಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ಕೂತಿದ್ದರು. ಮೊದಲ ಮೂವರು ನನ್ನ ಮೂರು ಅನಿಸಿಕೆಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ನಗಿಸುವ ಅನಿಸಿಕೆಗೆ ಯಾರೂ ನಗಲಿಲ್ಲ, ಅದನ್ನು ಬರೆದು ಬಹಳ ವರ್ಷವಾಯಿತು. ದೇವಮ್ಮ ಮೈಕಿನ ಹತ್ತಿರ ಬಂದಾಗ ಬಸಲಿಂಗಮ್ಮ ಸೆರಗು ಸರಿಮಾಡಿಕೊಂಡು, ತುಟಿ ಆಡಿಸಲು ತಯಾರಾಗಿ ಕೂತರು. ನಾನು ಪೆಂಡಾಲಿನ ಕಂಬದ ಹಿಂದೆ ಸರಿದೆ.

"ಎಲ್ಲಾರಿಗೂ ಶರಣ್ರಿ. ನಾ ಬರಕೊಂಡು ಬಂದಿಲ್ರಿ" ಎಂದು ಅವಳು ಶುರು ಮಾಡಿದಳು. "ನಾವು ಎಂಟನೇ ಕ್ಲಾಸಿಗೆ ಬಂದಾಗ ನಮಗ ಬೆಂಚ್ ಇರ್ಲಿಲ್ಲ, ಚಾಪಿ ಮ್ಯಾಲ ಕುಂತೀವಿ. ಒಂಬತ್ತನೇ ಕ್ಲಾಸಿನ್ಯಾಗ ಹತ್ತಿ ಬಿಡಿಸೋ ಟೈಮಿಗೆ ಅರ್ಧ ಮಂದಿ ಬರ್ತಿರ್ಲಿಲ್ಲ. ಬಂದವರು ಬರಲಾರದವರಿಗೆ ನೋಟ್ಸ್ ಬರದು ಇಡ್ತಿದ್ದಿವ್ರಿ. ಹತ್ತನೇ ಕ್ಲಾಸಿನ್ಯಾಗ ಗಣಿತಕ್ಕ ಮಾಸ್ತರ ಇರ್ಲಿಲ್ಲ. ನಾವ ಕಲ್ತೀವಿ. ನಾ ಬೋರ್ಡಿನ ಮ್ಯಾಲ ಹೇಳಿಕೊಟ್ಟೀನಿ, ಉಳಿದವರು ತಪ್ಪು ಹಿಡದಾರ."

ಬಸಲಿಂಗಮ್ಮನ ತುಟಿ ನಿಂತಿತ್ತು. ಮುಂದಿನ ಸಾಲು ಏನೆಂದು ಅವರಿಗೆ ಈಗ ಗೊತ್ತಿರಲಿಲ್ಲ.

"ನಮ್ಮ ಕ್ಲಾಸಿನ್ಯಾಗ ಎಲ್ಲಾರಕಿಂತ ಕಷ್ಟಪಟ್ಟು ಗಣಿತ ಕಲ್ತವರು ನಮ್ಮ ಕನ್ನಡ ಟೀಚರ್ರಿ. ಹಿಂದಿನ ಬೆಂಚಿನ್ಯಾಗ ಕೂಡ್ತಿದ್ರು. ಥೇಲ್ಸನ ಪ್ರಮೇಯ ಅವರಿಗೆ ನಾಕು ದಿನ ಹಿಡೀತು. ವರ್ಗ ಸಮೀಕರಣಕ್ಕ ಎಂಟು ದಿನ. ಆದ್ರ ಒಂದ್ಸಲಾನೂ ತಿಳೀಲಾರದ್ದನ್ನ ತಿಳೀತು ಅಂದಿಲ್ರಿ. ನಾವು ನಾಚಿಕಿಲೆ ಸುಮ್ನ ಕೂಡೋ ಲೆಕ್ಕದಾಗ ಅವರು ಕೈ ಎತ್ತಿ ಕೇಳೋರು. ಅವರು ಕೇಳಿದ ಮ್ಯಾಲ ನಾವೂ ಕೇಳೋದು ಕಲ್ತೀವಿ. ಟೀಚರಿಗೆ ತಿಳೀತಂದ್ರ ಎಲ್ಲಾರಿಗೂ ತಿಳೀತಂತ ನಮ್ಮ ಲೆಕ್ಕ, ಆಗ ಮುಂದಿನ ಪಾಠಕ್ಕ ಹೋಗ್ತಿದ್ದಿವಿ. ಯವ್ವಾ, ಯಾರ್ ಕಲಿಸ್ಯಾರಂತ ಕೇಳ್ತಿದ್ದೆಲ್ಲ, ಹಿಂಗ ಕಲ್ತೀವಿ ನೋಡು."

ಪೆಂಡಾಲು ನಕ್ಕಿತು. ಹಿಂದೆ ಕೂತಿದ್ದ ಹತ್ತನೆಯವರೆಲ್ಲ "ಖರೇ ಅದರಿ" ಎಂದು ಒಂದೇ ದನಿಯಲ್ಲಿ ಹೇಳಿದರು. ಹೆಡ್ ಮಾಸ್ತರರು ಕನ್ನಡಕ ತೆಗೆದರು, ಈ ಸಲ ಧೂಳಿರಲಿಲ್ಲ. ನನಗೆ ಕಂಬ ಸಾಲದೆ ಭೂಮಿಯೊಳಗೆ ಹೋಗಬೇಕೆನಿಸಿತು. ಅಳು ತರಿಸುವ ಅನಿಸಿಕೆಯನ್ನು ಹದಿನಾರು ವರ್ಷ ಬರೆದುಕೊಟ್ಟಿದ್ದೆ, ಆದರೆ ಒಮ್ಮೆಯೂ ಅದನ್ನು ಕೇಳಿ ನಾನು ಅತ್ತಿರಲಿಲ್ಲ. ಈಗ ಅತ್ತೆ, ಕಂಬ ಹಿಡಿದುಕೊಂಡು, ಸೆರಗಿಗೂ ಕೈ ಹಾಕದೆ.

ಸಿರಾ ಹಂಚುವಾಗ ಬಸಲಿಂಗಮ್ಮ ನನ್ನನ್ನು ಹುಡುಕಿಕೊಂಡು ಬಂದರು. ದೇವಮ್ಮ ಅವರ ಹಿಂದೆ ನಿಂತಿದ್ದಳು, ಕೈಯಲ್ಲಿದ್ದ ಭಜಿ ತಿಂದಿರಲಿಲ್ಲ. ಬಸಲಿಂಗಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ ಒಮ್ಮೆ ನೋಡಿದರು.

"ನಿಮಗ ಖರೇನ ಗಣಿತ ಬರ್ತಿರ್ಲಿಲ್ಲೇನ್ರಿ ಟೀಚರ್?"

"ಇಲ್ರಿ."

"ಒಂದೀಟೂ?"

"ಒಂದೀಟೂ ಬರ್ತಿರ್ಲಿಲ್ರಿ."

ಅವರು ಮಗಳ ಕಡೆ ತಿರುಗಿ ಹೇಳಿದರು: "ಇಷ್ಟು ವಯಸ್ಸಾದವರಿಗೆ, 'ನನಗ ಬರಂಗಿಲ್ಲ' ಅನ್ನೋರಿಗೆ ನೀ ಕಲಿಸಿದ್ದಿ ಅಂದ್ರ, ಶಹಾಪುರದಾಗ ನಿನಗ ಯಾರ ಕಲಿಸಿದ್ರೂ ತಿಳೀತದ. ಹೋಗು."

ದೇವಮ್ಮ ಭಜಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಇಂಥ ಪ್ರಶಸ್ತಿ ಸಿಕ್ಕಿರಲಿಲ್ಲ, ಇದು ಪ್ರಶಸ್ತಿಯೋ ಅಲ್ಲವೋ ಎಂದು ನಿರ್ಧರಿಸಲು ಇನ್ನೂ ಆಗಿಲ್ಲ. ಹೋಗುವ ಮೊದಲು ಬಸಲಿಂಗಮ್ಮ ಮತ್ತೆ ತಿರುಗಿದರು. ವ್ಯವಹಾರದ ಹೆಂಗಸು, ಖಾತ್ರಿ ಮಾಡಿಕೊಳ್ಳದೆ ಹೋಗುವವರಲ್ಲ.

"ಈಗ ಪೂರಾ ತಿಳದದ ಹೌದಿಲ್ರಿ, ಟೀಚರ್?"

"ಪೂರಾ ತಿಳದದರಿ" ಎಂದೆ, ಕಣ್ಣು ಮಿಟುಕಿಸದೆ.

ಮರುದಿನ ಮೂರನೆಯ ಪಿರಿಯಡ್ಡಿಗೆ ಎಲ್ಲರಿಗಿಂತ ಮೊದಲು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ದೇವಮ್ಮ ಸೀಮೆಸುಣ್ಣ ಹಿಡಿದೊಡನೆ ಕೈ ಎತ್ತಿದೆ. "ತ್ರಿಕೋನಮಿತಿ ಮೊದಲಿಂದ ಇನ್ನೊಮ್ಮೆ ಹೇಳವ್ವ" ಎಂದೆ. "ನಿಮ್ಮವ್ವನ ಮುಂದ ಸುಳ್ಳು ಹೇಳಿ ಬಂದೀನಿ. ನೀ ಶಹಾಪುರದ ಬಸ್ ಹತ್ತೋದರೊಳಗ ಅದನ್ನ ಖರೇ ಮಾಡಬೇಕು."